ಶೇರುವಿನ ತಾಲೀಮು

ಮಣ್ಣಿಗೆ ಬಂದ ನೆಂಟರೆಲ್ಲ ಊರು ಸೇರಿದ ಮೇಲಿನ ಮೊದಲ ಮಾಮೂಲಿ ಬೆಳಗು. ಔರಾದಿನ ಆ ಮನೆಯಲ್ಲಿ ನಲ್ಲಿ ನೀರು ಬಂತು, ಹಾಲು ಬಂತು, ಚಹಾ ಆಯಿತು. ಚಹಾ ಕುಡಿದೆದ್ದ ಭಾವ ಸುಶೀಲಕುಮಾರ, ತೀರಿಹೋದ ತಮ್ಮನ ಹೆಂಡತಿ ಪ್ರಣಾಲಿಯ ಎಂ.ಎಸ್ಸಿ. ಸರ್ಟಿಫಿಕೇಟುಗಳ ಫೈಲನ್ನು ಕಂಕುಳಿಗೆ ಸೇರಿಸಿದ.

“ಇವು ನನ್ನ ಅಲಮಾರದಾಗ ಸೇಫ್ ಇರ್ತಾವ, ತಂಗಿ.”

“ಮುಂದಿನ ತಿಂಗಳ ಬೀದರ ಕಾಲೇಜಿನಾಗ ಇಂಟರ್‌ವ್ಯೂ ಅದ ರೀ, ಭಾವಾರ.”

“ನೀ ನೌಕರಿಗಿ ಹೋದ್ರ ಅವ್ವನ ಮೊಣಕಾಲಿಗಿ ಎಣ್ಣಿ ಯಾರು ಹಚ್ಚಬೇಕು?”

ಅತ್ತೆ ಕೇಶರಬಾಯಿ ಮೊಣಕಾಲನ್ನು ಸಾಕ್ಷಿಗೆ ಕರೆದವಳಂತೆ ಮುಂದೆ ಚಾಚಿದಳು.

ಪ್ರಣಾಲಿ ಅಳಲಿಲ್ಲ. ಗಂಡ ಗೌರವನಿಗಾಗಿ ಅತ್ತೇ ಕಣ್ಣೀರೆಲ್ಲ ಮುಗಿದಿತ್ತು. ತನ್ನ ಫೈಲನ್ನು ತಾನೇ ಕದಿಯುವುದೆಂದು ತೀರ್ಮಾನಿಸಿ ಜೋಳದ ಹಿಟ್ಟು ನಾದಲು ಕೂತಳು.

ಅಲಮಾರದ ಕೀಲಿ ಬುದ್ಧನ ಫೋಟೋದ ಹಿಂದೆ ಇರುವುದು ಮನೆಗೆಲ್ಲ ಗೊತ್ತಿದ್ದ ಗುಟ್ಟು. ಹಿತ್ತಿಲ ಬಾಗಿಲ ಅಗುಳಿ ಮೊದಲಿನಿಂದಲೂ ಸಡಿಲ. ಆದರೆ ಪಕ್ಕದ ಮನೆಯ ಮಾಳಿಗೆಯ ಮೇಲೆ ವಿಮಲಾಬಾಯಿ ದಿನವಿಡೀ ಕಾವಲು. ಮುಖ ಕಾಣಬಾರದೆಂದರೆ ಹೆಲ್ಮೆಟ್ ಬೇಕು. ಹೆಲ್ಮೆಟ್ ಕಂಡರೆ ಹಿತ್ತಿಲ ನಾಯಿ ಶೇರು ಮನೆಯವರನ್ನೂ ಬಿಡದು, ಓಣಿಯನ್ನೆಲ್ಲ ಎಬ್ಬಿಸುತ್ತದೆ. ಅಂದಮೇಲೆ ಶೇರುವನ್ನೇ ತಿದ್ದಬೇಕು.

ಗೌರವ ತನ್ನ ಗೆಳೆಯ ಗೌಸೋದ್ದೀನನಿಂದ ಕೇಳಿ ತಂದಿದ್ದ ಕರಿ ಹೆಲ್ಮೆಟ್ ಮನೆಯಲ್ಲೇ ಉಳಿದಿತ್ತು. ಮಧ್ಯಾಹ್ನ ಎಲ್ಲರೂ, ವಿಮಲಾಬಾಯಿ ಕೂಡ, ಮಲಗಿದಾಗ ಅದನ್ನು ಹಿತ್ತಿಲ ತುದಿಯ ಗೋಡೆಯ ಮೇಲಿಟ್ಟಳು. ಶೇರುವಿನ ಕಿವಿ ನಿಮಿರಿತು. ಗುರ್ ಎನ್ನುವ ಮೊದಲೇ ಬೇಯಿಸಿದ ಕುರಿ ಕಲೇಜಿಯ ಚೂರೊಂದು ಅದರ ಬಾಯಿಗೆ. ಮತ್ತೆ ನೋಡಿತು, ಮತ್ತೊಂದು ಚೂರು. ದಿನಕ್ಕೆ ಎರಡೇ ಹೆಜ್ಜೆ ಹತ್ತಿರ. ಬೊಗಳಿದರೆ ಬೈಯದೆ ನಾಲ್ಕು ಹೆಜ್ಜೆ ಹಿಂದೆ. ಎರಡನೇ ವಾರ ಹೆಲ್ಮೆಟ್ ಕೈಗೆ ಬಂತು, ಮೂರನೇ ವಾರ ತಲೆಗೆ. ಎಂ.ಎಸ್ಸಿ.ಗೆ ಓದಿದ ಪ್ರಾಣಿಶಾಸ್ತ್ರ ಕೊನೆಗೂ ಮನೆಗೆಲಸಕ್ಕೆ ಬಂತಲ್ಲ ಎಂದು ಹೆಲ್ಮೆಟ್ಟಿನೊಳಗೇ ನಕ್ಕಳು.

ಆಮೇಲೆ ತವರಿಗೆಂದು ಭಾಲ್ಕಿಗೆ ಹೋದಳು, ಹೆಲ್ಮೆಟ್ ಬಟ್ಟೆಚೀಲದಲ್ಲಿ. ಗಂಡನ ಮನೆಯವರು ಎಕಂಬಾದ ನೆಂಟರಲ್ಲಿಗೆ ಹೋದ ದಿನ ತನ್ನ ತಮ್ಮನ ಸ್ಕೂಟರ್ ಹತ್ತಿ, ಅವನದೇ ಜರ್ಕಿನ್ ತೊಟ್ಟು ಔರಾದಿಗೆ ಬಂದಳು. ಶೇರು ಚೂರು ತಿಂದು ತೆಪ್ಪಗಿತ್ತು. ಫೈಲು ಸಿಕ್ಕಿತು. ಕಳ್ಳತನ ಕಳ್ಳತನದಂತೆ ಕಾಣಲೆಂದು ಭಾವನ ಹೊಸ ಸ್ಪೀಕರನ್ನೂ ಎತ್ತಿಕೊಂಡಳು. ಊಟದ ಹೊತ್ತಿಗೆ ಭಾಲ್ಕಿಯಲ್ಲಿ ಅವ್ವನ ಮುಂದೆ ಇದ್ದಳು.

ಕಳ್ಳತನದ ಸುದ್ದಿ ತಿಳಿದವಳಂತೆ ಮರುದಿನ ಪ್ರಣಾಲಿ ಧಾವಿಸಿ ಬಂದಾಗ ಔರಾದಿನ ಮನೆಯಲ್ಲಿ ವಿಮಲಾಬಾಯಿಯದೇ ದರ್ಬಾರು.

“ನಾ ಕಣ್ಣಾರೆ ನೋಡೀನ್ರಿ. ಕರಿ ಹೆಲ್ಮೆಟ್ ಹಾಕ್ಕೊಂಡ ಗಂಡಸು. ಆರಡಿ ಇದ್ದ!”

ಐದಡಿಯ ಪ್ರಣಾಲಿ ಗಂಭೀರವಾಗಿ ತಲೆಯಾಡಿಸಿದಳು.

“ಮತ್ತ ಶೇರು ಯಾಕ ಒದರಲಿಲ್ಲ?” ಎಂದ ಸುಶೀಲಕುಮಾರ.

“ಬೇಹೋಶಿ ದವಾ ತಿನಿಸಿ ಮಲಗಿಸ್ಯಾನ, ಮತ್ತೇನು!” ಎಂದಳು ಕೇಶರಬಾಯಿ.

ಇಂಟರ್‌ವ್ಯೂಗೆ ಒಂದು ದಿನವಿತ್ತು. ಗೌಸೋದ್ದೀನ ಮಾತಾಡಿಸಲು ಬಂದ. ಕರಿ ಹೆಲ್ಮೆಟ್ಟು ಜಿಲ್ಲೆಯಲ್ಲಿ ಸಾವಿರ ಇದ್ದಾವು, ಬಚ್ಚಿಟ್ಟರೇ ಅನುಮಾನ. ಪ್ರಣಾಲಿ ಅದನ್ನು ಭಾವನ ಎದುರಿಗೇ ತಂದುಕೊಟ್ಟಳು.

“ಅವರು ನಿಮ್ಮ ಹತ್ರ ಕೇಳಿ ತಂದಿದ್ರು, ಭಾಯಿ.”

ಗೌಸೋದ್ದೀನ ಕಣ್ಣೊರೆಸಿಕೊಂಡು ಅದನ್ನು ತಲೆಗೇರಿಸಿದ.

“ಹಾಕಬ್ಯಾಡ್ರಿ, ಶೇರೂನ ಬಿಚ್ಚೇವಿ!” ಎಂದು ಚೀರಿ ಸುಶೀಲಕುಮಾರ ತಾನೇ ಕಟ್ಟೆ ಹತ್ತಿದ.

ಶೇರು ಬೊಗಳಲಿಲ್ಲ. ಅದಕ್ಕೆ ಪ್ರಣಾಲಿಯ ಬಳಿ ಉತ್ತರವಿತ್ತು: ಕಳ್ಳನಿಗೆ ಹೆದರಿ ಮಂಕಾಗಿದೆ ಎನ್ನಬಹುದು. ಬೊಗಳುವುದನ್ನು ಬಿಟ್ಟ ನಾಯಿ ಅದರ ಬದಲಿಗೆ ಏನು ಕಲಿತಿದೆ ಎಂಬುದನ್ನು ಮಾತ್ರ ಅವಳು ಯೋಚಿಸಿರಲಿಲ್ಲ. ಶೇರು ಹೆಲ್ಮೆಟ್ಟನ್ನು ಒಮ್ಮೆ ನೋಡಿತು. ಬಾಲ ಆಡಿಸುತ್ತ ನೆಟ್ಟಗೆ ಬಂದು ಪ್ರಣಾಲಿಯ ಮುಂದೆ ಕೂತು, ಅವಳ ಬಲಗೈಯನ್ನೇ ನೋಡುತ್ತ ಬಾಯಿ ತೆರೆಯಿತು. ಹೆಲ್ಮೆಟ್ಟಿನತ್ತ ಮತ್ತೆ ಕತ್ತು ಹೊರಳಿಸಿ, ಮತ್ತೆ ಅವಳ ಕೈ ನೋಡಿತು. ಸುಶೀಲಕುಮಾರ ಕಟ್ಟೆಯಿಂದ ಮೆಲ್ಲಗೆ ಇಳಿದ. “ಹೆಲ್ಮೆಟ್ ಕಂಡ್ರ ಇದು ನಿನ್ನ ಕೈ ಯಾಕ ನೋಡ್ತದ, ತಂಗಿ?”