ಚೆಂಡುಹೂವಿನ ಘಮ ಕದ್ದ ಮಾಂತ್ರಿಕ

ಬಲು ಹಿಂದೆ, ಮೆಕ್ಸಿಕೋ ಎಂದು ನಾವೀಗ ಕರೆಯುವ ನಾಡಿನ ಬೆಟ್ಟಗಳ ನಡುವೆ ಒಂದು ರಾಜ್ಯವಿತ್ತು. ಅಲ್ಲಿ ವರ್ಷಕ್ಕೊಮ್ಮೆ, ಸತ್ತವರ ಹಬ್ಬದ ದಿನ, ತೀರಿಕೊಂಡವರು ತಮ್ಮ ತಮ್ಮ ಮನೆಗೆ ಬರುತ್ತಿದ್ದರು. ಬಾಗಿಲಿನಿಂದ ಬೀದಿಯವರೆಗೆ ಚೆಂಡುಹೂವಿನ ಎಸಳು ಚೆಲ್ಲಿದರೆ ಸಾಕು, ಆ ಘಮ ಹಿಡಿದು ದಾರಿ ಕಂಡುಕೊಳ್ಳುತ್ತಿದ್ದರು. ಕೂತು, ಉಂಡು, ನಕ್ಕು, ಸಂಜೆಗೆ ಹೊರಡುತ್ತಿದ್ದರು.

ಮಿಕ್ತಾನನೆಂಬ ಮಾಂತ್ರಿಕ ಆ ಘಮವನ್ನೆಲ್ಲ ಎಳೆದು ಒಂದು ಸೋರೆಬುರುಡೆಯಲ್ಲಿ ತುಂಬಿಟ್ಟ. ಎರಡು ವರ್ಷ ಯಾರೂ ಬರಲಿಲ್ಲ. ಮೂರನೆಯ ವರ್ಷವೂ ಬರದಿದ್ದರೆ ಸತ್ತವರಿಗೆ ಮನೆಯ ದಾರಿಯೇ ಮರೆತುಹೋಗುತ್ತಿತ್ತು.

ಮೆಕ್ಕೆಜೋಳದ ಕಡುಬು ಮಾರುವ ಇಸೆಲ್ ಎಂಬವಳಿದ್ದಳು. ಅವಳ ಗಂಡ ತೊನಾಲ್, ಮಗಳು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಈಗಷ್ಟೇ ಮಾತು ಕಲಿತಿದ್ದ ಮಗಳು ಸಿತ್ಲಾಲಿ, "ಅಪ್ಪ ಈ ಸಲ ಬರ್ತಾನಾ?" ಎಂದು ಕೇಳಿದಳು. ಹಬ್ಬದ ಬೆಳಿಗ್ಗೆ ಇಸೆಲ್ ಅವಳನ್ನು ಅತ್ತೆಯ ಬಳಿ ಬಿಟ್ಟು, ಬುತ್ತಿ ಕಟ್ಟಿಕೊಂಡು ಮಾಂತ್ರಿಕನ ಬೆಟ್ಟಕ್ಕೆ ಹೊರಟಳು.

ಬೆಟ್ಟದ ಬುಡದಲ್ಲಿ ಕಲ್ಲಿನ ಚಿರತೆಯೊಂದು ದಾರಿ ಕಾಯುತ್ತಿತ್ತು. "ಓಡಿದವರನ್ನು ನಾನು ತಿನ್ನುತ್ತೇನೆ" ಎಂದಿತು.

"ಓಡುವುದಕ್ಕೆ ನನಗೆ ಪುರುಸೊತ್ತಿಲ್ಲ" ಎಂದು ಇಸೆಲ್ ಅದರ ಪಕ್ಕದಲ್ಲೇ ನಡೆದುಹೋದಳು. ಒಂದೊಂದೇ ಹೆಜ್ಜೆ ಎಣಿಸಿಟ್ಟಳು, ಓಡಲಿಲ್ಲ.

ನಡುಬೆಟ್ಟದಲ್ಲಿ ಒಂದು ಕೊಳ. ನೀರಿನೊಳಗಿಂದ ತೊನಾಲನ ಮುಖ ಕರೆಯಿತು: "ಇಸೆಲ್, ನಾನಿಲ್ಲೇ ಇದ್ದೇನೆ. ಇಳಿದು ಬಾ."

ಅವಳ ಕಣ್ಣು ತುಂಬಿತು. ಒಂದು ಕಾಲು ನೀರಿಗಿಟ್ಟವಳು ನಿಂತು, "ನಮ್ಮ ಮಗಳ ಹೆಸರೇನು?" ಎಂದು ಕೇಳಿದಳು.

"ಸಿತ್ಲಾಲಿ."

"ಅದು ನನ್ನ ಗಂಡನಿಗೆ ಗೊತ್ತಿಲ್ಲ. ಅವರು ಹೋದಮೇಲೆ ಇಟ್ಟ ಹೆಸರು" ಎಂದು ಅವಳು ಕಾಲು ಹಿಂದೆಗೆದಳು. ಮುಖ ನೀರಲ್ಲಿ ಕರಗಿತು.

ಬೆಟ್ಟದ ತುದಿಯಲ್ಲಿ ಮಿಕ್ತಾನ ಸೋರೆಬುರುಡೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. "ನಿನ್ನ ಗಂಡನನ್ನು ಮಾತ್ರ ಕಳಿಸುತ್ತೇನೆ. ಮಿಕ್ಕವರ ಮಾತೆತ್ತಬೇಡ" ಎಂದ.

"ಅಕ್ಕಪಕ್ಕದವರು ಬಾಗಿಲು ಕಾಯುತ್ತಿರುವಾಗ ನಾವು ಹೇಗೆ ಉಣ್ಣುವುದು? ಸತ್ತವರು ನಿಮಗೇನು ಮಾಡಿದರು?"

ಮಾಂತ್ರಿಕ ತಲೆ ತಗ್ಗಿಸಿದ. "ಹೆತ್ತ ತಾಯಿಯನ್ನು ಮನೆಯಿಂದ ಅಟ್ಟಿದವನು ನಾನು. ಅವಳು ಬೀದಿಯಲ್ಲೇ ತೀರಿಕೊಂಡಳು. ಹಬ್ಬಕ್ಕೆ ಬಂದು ಕೇಳಿದರೆ ಏನು ಹೇಳಲಿ?"

"ಬಂದವರು ಮೊದಲು ಊಟ ಕೇಳುತ್ತಾರೆ. ಏನಾದರೂ ಮಾಡಿಟ್ಟಿದ್ದೀರಾ?"

ಅವನು ಏನೂ ಮಾಡಿರಲಿಲ್ಲ. ಇಸೆಲ್ ಬುತ್ತಿ ಬಿಚ್ಚಿ ಕಡುಬುಗಳನ್ನು ಅವನ ಮುಂದಿಟ್ಟಳು. ಅವನು ಅವನ್ನು ತಾಯಿಗೆಂದು ಎತ್ತಿಟ್ಟ. ಆಮೇಲೆ ಬುರುಡೆಯ ಬಿರಡೆ ಕಿತ್ತ.

ಘಮ ಬೆಟ್ಟ ಇಳಿದು ಊರೂರಿಗೂ ಹರಿಯಿತು. ಇಸೆಲ್ ಮನೆ ಮುಟ್ಟುವಷ್ಟರಲ್ಲಿ ತೊನಾಲ್ ಹೊಸ್ತಿಲಲ್ಲಿ ಕೂತಿದ್ದ. ಸಿತ್ಲಾಲಿ ಅವನ ತೊಡೆಯೇರಿ ಕೋಳಿಮರಿಗಳ ಸುದ್ದಿ ಹೇಳುತ್ತಿದ್ದಳು.

"ಬಾಯಿ ಮುಚ್ಚುವುದೇ ಇಲ್ಲವಲ್ಲ ಇವಳು" ಎಂದ ತೊನಾಲ್.

"ನಿಮ್ಮ ಹಾಗೇ" ಎಂದಳು ಇಸೆಲ್, ಮತ್ತು ಅವನ ಪಕ್ಕದಲ್ಲಿ ಕೂತಳು.

ಅತ್ತ ಬೆಟ್ಟದ ಮೇಲೆ ಒಬ್ಬ ಮುದುಕಿ ಕಡುಬು ಮುರಿದು ಮಗನಿಗೇ ತುತ್ತು ಕೊಡುತ್ತಿದ್ದಳು. ಅಂದಿನಿಂದ ಆ ರಾಜ್ಯದಲ್ಲಿ ಸತ್ತವರು ಯಾವ ವರ್ಷವೂ ಬರುವುದನ್ನು ತಪ್ಪಿಸಲಿಲ್ಲ, ಬದುಕಿದ್ದವರು ಸುಖವಾಗಿ ಬಾಳಿದರು.