ತಳದಲ್ಲಿದ್ದ ಗೋಡಂಬಿ

"ಈ ಕೇಕ್ ನಮ್ಮ ದಾನೇಶ್ವರಿ ತನ್ನ ಕೈಯಾರೆ ಮಾಡ್ಯಾಳ್ರಿ! ತತ್ತಿ ಸೈತ ಹಾಕಿಲ್ಲ. ಎಷ್ಟ್ ಮೆತ್ತಗ ಐತಿ ನೋಡ್ರಿ!"

ಅವ್ವ ಕಲ್ಯಾಣಮ್ಮ ಹೆಮ್ಮೆಯಿಂದ ಹೀಗೆ ಹೇಳಿದಾಗ, ತಟ್ಟೆ ಹಿಡಿದು ನಿಂತಿದ್ದ ದಾನೇಶ್ವರಿಗೆ ನೆಲ ಬಾಯ್ಬಿಟ್ಟರೆ ಇಳಿದುಬಿಡಬೇಕು ಎನಿಸಿತು.

ಹೆಣ್ಣು ನೋಡಲು ಲಿಂಗಸುಗೂರಿನಿಂದ ಮಸ್ಕಿಗೆ ಬಂದಿದ್ದ ಅಮರೇಶ ತಲೆಯೆತ್ತಿ ಅವಳನ್ನು ನೋಡಿದ. ಆ ಕಣ್ಣುಗಳು...! ಬೇರೆ ದಿನವಾಗಿದ್ದರೆ ಅವಳೆದೆ ಬೇರೆಯೇ ಕಾರಣಕ್ಕೆ ಹೊಡೆದುಕೊಳ್ಳುತ್ತಿತ್ತು. ಇವತ್ತು ಹೊಡೆದುಕೊಳ್ಳುತ್ತಿದ್ದುದು ಅಳುಕಿನಿಂದ.

ಆ ಕೇಕ್ ಅವಳು ಮಾಡಿದ್ದೇ ಅಲ್ಲ!

ಶಾಲೆಗೆ ಬೇಸಿಗೆ ರಜೆ ಬಿಟ್ಟ ದಿನದಿಂದ ನಮ್ಮ ದಾನೇಶ್ವರಿ ಟೀಚರಿಗೆ ಅಡುಗೆಯ ಹುಚ್ಚು ಹಿಡಿದಿತ್ತು. ಮೊಬೈಲ್ ಮುಂದಿಟ್ಟುಕೊಂಡು ದಿನಕ್ಕೊಂದು ಹೊಸ ತಿಂಡಿ. ಸಜ್ಜೆ ಬಿಸ್ಕತ್ತು ಚೆನ್ನಾಗಿಯೇ ಬಂತು. ಅಷ್ಟರಲ್ಲಿ ಬೇಕರಿ ಇಟ್ಟಿರುವ ಹುಡುಗನ ಸಂಬಂಧ ಬಂತು. "ಬೇಕರಿ ಹುಡುಗಗ ಉಪ್ಪಿಟ್ಟು ಯಾಕ? ನೀನ ಒಂದು ಕೇಕ್ ಮಾಡಬೇ" ಎಂದು ಹೇಳಿ ಅವ್ವ ಮದುವೆಯೊಂದಕ್ಕೆ ಮುದಗಲ್‌ಗೆ ಹೋದಳು.

ಕುಕ್ಕರಿನ ತಳಕ್ಕೆ ಮರಳು ಹಾಕಿ ಕಾಯಿಸಿ, ಜೋಳದ ಹಿಟ್ಟಿನ ಕೇಕ್ ಇಟ್ಟಳು. ಬಿರುಕು ಬಿಟ್ಟಿತು. ಮತ್ತೆ ಇಟ್ಟಳು, ಪುಡಿಪುಡಿಯಾಯಿತು. ಮೂರನೆಯದನ್ನು ತೆಗೆಯುವಾಗ ಬೆರಳು ಸುಟ್ಟವು. ಕೊನೆಗೆ ಸಿಂಧನೂರಿನ ಬಸ್ ಹತ್ತಿ, ಅಲ್ಲಿನ ಬೇಕರಿಯೊಂದರಿಂದ ಕೇಕ್ ತಂದಳು. ಅದರ ರಟ್ಟಿನ ಡಬ್ಬ ಒಲೆಗೆ ಹಾಕಿ, ಕೇಕನ್ನು ಮನೆಯ ಸ್ಟೀಲ್ ತಟ್ಟೆಗಿಟ್ಟು, ಸಂಜೆ ಬಂದ ಅವ್ವನಿಗೂ 'ನಾನೇ ಮಾಡಿದ್ದು' ಎಂದಳು. ಹುಡುಗನ ಊರಿನಿಂದ ಮಾತ್ರ ತರಲಿಲ್ಲ. ಎಂಥ ಜಾಣೆ!

ಅಮರೇಶ ನಡುವಿನ ತುಂಡನ್ನು ಕೈಗೆತ್ತಿಕೊಂಡು, ಯಾಕೋ ಮಗುಚಿ ನೋಡಿದ. ಅವನ ತುಟಿಯಂಚಿನಲ್ಲಿ ಸಣ್ಣ ನಗೆ ಬಂದು ಹೋಯಿತು.

"ತಳಕ್ಕ ಏನ ಹಾಕೀರಿ?"

"ಏ... ಏನೂ ಇಲ್ರೀ."

"ಹೌದಾ?" ಅಷ್ಟೇ ಹೇಳಿ, ಪೂರ್ತಿ ತಿಂದ.

ಮೂರನೇ ದಿನ ಫೋನ್ ಬಂತು. ಹುಡುಗ ಒಪ್ಪಿದ್ದ! ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಳು: "ನನ್ನ ಮಗಳ ಕೇಕ್ ತಿಂದು ಹೂಂ ಅಂದಾನ!"

ದಾನೇಶ್ವರಿಗೆ ಅನ್ನ ಸೇರದಾಯಿತು. 'ಅವನು ಒಪ್ಪಿದ್ದು ನನ್ನನ್ನಲ್ಲ... ಯಾರೋ ಮಾಡಿದ ಕೇಕನ್ನು! ಜೀವನಪೂರ್ತಿ ಈ ಸುಳ್ಳು ಹೊತ್ತುಕೊಂಡು ಅವನ ಮುಂದೆ ಹೇಗೆ ಓಡಾಡಲಿ?' ಸುಳ್ಳನ್ನು ನಿಜ ಮಾಡಿಬಿಡೋಣ ಎಂದು ಮತ್ತೆ ಕುಕ್ಕರ್ ಹಚ್ಚಿದಳು. ಮತ್ತೆ ಬಿರುಕು! ಒಲೆಯ ಮುಂದೆಯೇ ಕುಳಿತು ಅತ್ತಳು.

"ಅವ್ವಾ... ಅವತ್ತಿನ ಕೇಕ್ ನಾ ಮಾಡಿದ್ದಲ್ಲ. ಕೊಂಡು ತಂದಿದ್ದೆ."

ಕಲ್ಯಾಣಮ್ಮ ಒಲೆ ಆರಿಸಿ ಮಗಳ ಪಕ್ಕದಲ್ಲೇ ಕುಳಿತಳು. ಬೈದಿದ್ದರೆ ಚೆನ್ನಾಗಿತ್ತು.

"ಎಲ್ಲಾರ ಮುಂದ ನನ್ನ ಬಾಯಿಲೆ ಸುಳ್ಳು ಹೇಳಿಸಿದೆಲ್ಲಬೇ..." ಕಡೆಗೆ ಕಣ್ಣೊರೆಸಿಕೊಂಡಳು. "ಹೋಗು. ಆ ಹುಡುಗಗ ನಿನ್ನ ಬಾಯಿಲೆ ನೀನ ಖರೆ ಹೇಳಿ ಬಾ. ಬ್ಯಾಡ ಅಂದ್ರ ಅನ್ನಲಿ."

ಬಿರುಕು ಬಿಟ್ಟ ಕೇಕನ್ನು ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಅವಳು ಲಿಂಗಸುಗೂರಿನ ಬಸ್ ಹತ್ತಿದಳು. ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಬೇಕರಿಯಲ್ಲಿ ಗಿರಾಕಿಗಳಿರಲಿಲ್ಲ. ಅಮರೇಶ ಕೇಕಿನ ಅಚ್ಚುಗಳಿಗೆ ತುಪ್ಪ ಸವರಿ, ಒಂದೊಂದರ ತಳಕ್ಕೂ ಒಂದೊಂದು ಗೋಡಂಬಿ ಇಡುತ್ತಿದ್ದ. ಪಕ್ಕದಲ್ಲಿ ಬೇರೆ ಊರಿನ ಅಂಗಡಿಗಳಿಗೆ ಕಳಿಸಲು ಕಟ್ಟಿಟ್ಟ ಡಬ್ಬಗಳು. ಅವುಗಳ ಮೇಲೆ ಸಿಂಧನೂರಿನ ಅದೇ ಬೇಕರಿಯ ಹೆಸರು!

ದಾನೇಶ್ವರಿ ಬಾಗಿಲಲ್ಲೇ ನಿಂತುಬಿಟ್ಟಳು. ಅವನು ಮಾಡಿದ ಕೇಕನ್ನೇ ಕೊಂಡು, ಅವನ ಮುಂದೆಯೇ 'ನಾನು ಮಾಡಿದ್ದು' ಎಂದು ಇಟ್ಟಿದ್ದಳು...!

"ನಿಮಗ... ಅವತ್ತ ಗೊತ್ತಾಗಿತ್ತೇನ್ರಿ?"

ಅಮರೇಶ ತಿರುಗಿ ನೋಡಿದ. "ತಳ ನೋಡಿದ ಕೂಡ್ಲೆ ಗೊತ್ತಾತು. ನಮ್ಮವ್ವ ತೀರಿಕೊಂಡ ಮ್ಯಾಲೆ, ಆಕಿ ನೆನಪಿಗೆ ಪ್ರತಿ ಕೇಕಿನ ತಳಕ್ಕೂ ಒಂದು ಗೋಡಂಬಿ ಇಡತೀನಿ."

"ಮತ್ತ ನನ್ನ ಮರ್ಯಾದಿ ಯಾಕ ಉಳಿಸಿದ್ರಿ? ಮ್ಯಾಲೆ ಹೂಂ ಅಂದ್ರಿ! ನಗಾಕೇನು?" ಅವಳು ಅತ್ತೇಬಿಟ್ಟಳು. "ನಾ ಸುಳ್ಳಿ ಅದೀನ್ರಿ... ಒಲ್ಲೆ ಅಂತ ಹೇಳಿಬಿಡ್ರಿ."

"ತಟ್ಟಿ ಹಿಡಕೊಂಡು ನಿಂತಿದ್ರಿ. ಬೆರಳೆಲ್ಲ ಸುಟ್ಟಿದ್ದವು. ಕೊಂಡ ಕೇಕಿಗೆ ಯಾರ ಕೈ ಸುಡತಾವ್ರಿ?"

ಅವಳು ತಟ್ಟನೆ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಖರೆ ಹೇಳಾಕ ಬರ್ತೀರೇನೋ ಅಂತ ದಿನಾ ದಾರಿ ನೋಡಾಕತ್ತಿದ್ದೆ," ಎಂದ ಅವನು ಮೆಲ್ಲಗೆ. "ಬರದಿದ್ರ ಭಾಳ ಕೆಟ್ಟ ಅನಸ್ತಿತ್ತು. ಡಬ್ಬ್ಯಾಗ ಏನೈತಿ?"

ಅವಳು ನಾಚುತ್ತಾ ಮುಚ್ಚಳ ತೆಗೆದಳು. ಒಡೆದ ಚೂರೊಂದನ್ನು ಅವನು ಬಾಯಿಗೆ ಹಾಕಿಕೊಂಡ. ಅಗಿದ... ಇನ್ನೊಂದು ಹಾಕಿಕೊಂಡ.

"ರುಚಿ ಐತಿ. ಆದ್ರ ರೊಟ್ಟಿ ಮಾಡುವಾಗ ಜೋಳದ ಹಿಟ್ಟಿಗೆ ಎಸರು ಹಾಕತೀರಿಲ್ಲೋ? ಕೇಕಿಗ್ಯಾಕ ಹಾಕಲಿಲ್ಲ? ಕುದಿಯೋ ನೀರು ಬೀಳದ ಜಿಗಿ ಬರಂಗಿಲ್ಲ."

ಅಯ್ಯೋ! ಹತ್ತು ವರ್ಷದವಳಿದ್ದಾಗಿನಿಂದ ರೊಟ್ಟಿ ಬಡಿಯುವ ಕೈಗಳು, ಮೊಬೈಲ್ ನೋಡಿದ ಕೂಡಲೇ ಎಸರನ್ನೇ ಮರೆತಿದ್ದವು. ಅಳುವಿನ ನಡುವೆಯೂ ಅವಳಿಗೆ ನಗು ಬಂತು.

ಅಂದು ಇಬ್ಬರೂ ಸೇರಿ ಹಿಟ್ಟಿಗೆ ಎಸರು ಹಾಕಿದರು. ಅಚ್ಚಿಗೆ ಸುರಿಯುವ ಮೊದಲು ಅಮರೇಶ ಒಂದು ಗೋಡಂಬಿಯನ್ನು ಅವಳ ಅಂಗೈಗಿಟ್ಟ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಮೆತ್ತಗೆ ತಳಕ್ಕಿಟ್ಟಳು.

ಕೇಕ್ ಬಿರಿಯದೆ ಉಬ್ಬಿ ಬಂತು. ಅವನು ನಡುವಿನ ತುಂಡನ್ನು ಕತ್ತರಿಸಿ, ಅವತ್ತಿನ ಹಾಗೆಯೇ ಮಗುಚಿ ನೋಡಿದ.

"ಈಗ ಹೇಳ್ರಿ. ತಳಕ್ಕ ಏನ ಹಾಕೀರಿ?"

ದಾನೇಶ್ವರಿ ಮೊದಲ ಸಲ ಅವನ ಕಣ್ಣನ್ನು ನೇರವಾಗಿ ನೋಡಿದಳು.

"ಅತ್ತಿಯವರ ಹೆಸರಿನ ಗೋಡಂಬಿ ಹಾಕೀನ್ರಿ."