ಬರ್ಫಿಲ್ಲದ ಮಜ್ಜಿಗೆ

"ನಮ್ಮವ್ವ ವಿಷ ಹಾಕಿಲ್ಲರೀ ಮಾಸ್ತರ!" ಎನ್ನುತ್ತ ಚೆನ್ನವ್ವ ಹೊಸ್ತಿಲಲ್ಲೇ ಕುಸಿದು ಕೂತಳು.

೧೯೭೯ರ ಬೇಸಿಗೆ. ಕೊಲ್ಹಾಪುರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದ ಸಿದ್ದರಾಯ ಮಾಸ್ತರರು ಇಚಲಕರಂಜಿಯಲ್ಲಿ ಮನೆ ಮಾಡಿದ್ದರು. ಊರಿನ ಬಿಡಿಸಲಾಗದ ಗಂಟುಗಳೆಲ್ಲ ಅವರ ಬಾಗಿಲಿಗೇ ಬರುತ್ತಿದ್ದವು. ಬಾಲ್ಯದ ಗೆಳೆಯ ಮಲ್ಲಾರಿ ತನ್ನ ಹಳೆಯ ಮೋಟರ್‌ಸೈಕಲ್ಲಿನ ಹಿಂದೆ ಅವರನ್ನು ಕೂರಿಸಿಕೊಂಡು ಎಲ್ಲೆಂದರಲ್ಲಿ ಕರೆದೊಯ್ಯುತ್ತಿದ್ದ.

ಯಡ್ರಾವದ ಮಗ್ಗದ ಶೆಡ್ಡಿನ ಮಾಲಕ ತಾತ್ಯಾಸಾಹೇಬರು ಹಿಂದಿನ ದಿನ ಸತ್ತಿದ್ದರು. ಹೊಸ ಮಗ್ಗಗಳ ಪೂಜೆ ಮುಗಿದಾಗ ಚೆನ್ನವ್ವನ ತಾಯಿ, ಮಾಲಕರ ಮನೆಗೆಲಸದ ಜನಾಬಾಯಿ ತಟ್ಟೆ ಹಿಡಿದು ಬಂದಿದ್ದಳು. ಅದರಲ್ಲಿ ಚಹಾ, ಶರಬತ್ತು, ಮಜ್ಜಿಗೆ ಮೂರೂ ಇದ್ದವು. ಹಿರಿಯರೆಂದು ಮೊದಲು ತಾತ್ಯಾಸಾಹೇಬರ ಮುಂದೆ ಹಿಡಿದಳು. ಅವರು ಒಂದು ಲೋಟ ಮಜ್ಜಿಗೆ ಎತ್ತಿ ಕುಡಿದರು, ಮಗ್ಗದ ಪಕ್ಕದಲ್ಲೇ ಬಿದ್ದರು. ಮಿಕ್ಕ ಯಾವ ಲೋಟದಲ್ಲೂ ವಿಷವಿರಲಿಲ್ಲ.

"ಅಷ್ಟು ಲೋಟದಾಗ ಮಾಲಕರು ಅದನ್ನs ತಗೋಬೇಕಂದ್ರ ತಟ್ಟಿ ಹಿಡದಾಕಿದs ಕೈವಾಡ ಅಂತಾರ ಪೊಲೀಸ ಫೌಜದಾರ್ರು. ಅವ್ವನ್ನ ಒಳಗ ಹಾಕ್ಯಾರ್ರಿ," ಎಂದು ಚೆನ್ನವ್ವ ಕಣ್ಣೊರೆಸಿಕೊಂಡಳು.

ಮಲ್ಲಾರಿಗೂ ಒಳಗೊಳಗೇ ಹಾಗೇ ಅನ್ನಿಸಿತು. ಆದರೂ ಹುಡುಗಿಯ ಮುಖ ನೋಡಿ ಗಾಡಿ ಹೊರತೆಗೆದ.

ಯಡ್ರಾವದಲ್ಲಿ ಮಗ್ಗಗಳ ಸದ್ದು ನಿಂತಿತ್ತು. ಯಾರೂ ಯಾರ ಮುಖವನ್ನೂ ನೇರ ನೋಡುತ್ತಿರಲಿಲ್ಲ. ಫೌಜದಾರರು ಪರಿಚಿತರೇ. ತೆಗೆದಿಟ್ಟಿದ್ದ ತಟ್ಟೆಯನ್ನು ತೋರಿಸಿದರು. ಜನಾಬಾಯಿ ಅಂದಕ್ಕೆಂದು ಅದರಲ್ಲಿ ಗುಲಾಬಿ ಬಣ್ಣದ ತೆಳುಕಾಗದ ಹಾಸಿದ್ದಳು. ತಣ್ಣನೆಯ ಲೋಟಗಳು ಬೆವರಿ ಕಾಗದದ ಬಣ್ಣ ಬಿಟ್ಟು, ಉಂಗುರದಂಥ ಕಲೆಗಳು ಮೂಡಿದ್ದವು. ಚಹಾದ ಕಪ್ಪು-ಬಸಿಗಳಿದ್ದ ಅಂಚು ಒಣಗಿತ್ತು. ಮಜ್ಜಿಗೆಯ ಸಾಲಿನಲ್ಲೂ ಒಂದು ಜಾಗ ಕಲೆಯಿಲ್ಲದೆ ಒಣಗಿಯೇ ಇತ್ತು. ಸತ್ತವರ ಅಂಗಿಯ ಕಿಸೆಯಲ್ಲಿ ಸಿಕ್ಕಿದ್ದು ಒಂದಿಷ್ಟು ಲವಂಗ.

ಪೂಜೆಯ ಹೊತ್ತಿಗೆ ಮಗ್ಗಗಳ ಮೇಲ್ವಿಚಾರಕ, ಜಾಬರ್ ಮಾಯಪ್ಪ ಎಲ್ಲರ ಕಣ್ಣೆದುರೇ ಮಗ್ಗಕ್ಕೆ ಹೂವಿನ ಸರ ಕಟ್ಟುತ್ತಿದ್ದ. ಮಾಲಕರು ಶೆಡ್ಡನ್ನು ಕೆಲಸಗಾರರ ಸಹಕಾರಿ ಸೊಸೈಟಿಗೆ ಬಿಟ್ಟುಕೊಡಲಿದ್ದರೆಂದು ಅವನು ಹೇಳಿದ.

ತಾತ್ಯಾಸಾಹೇಬರ ತಮ್ಮ ಭಾವುಸಾಹೇಬ ಬಿದ್ರಿಯಲ್ಲಿ ಕಬ್ಬು ಬೆಳೆಯುವವನು, ಶೆಡ್ಡಿನಲ್ಲಿ ಅವನಿಗೂ ಪಾಲಿತ್ತು. "ವರ್ಸಾತು, ಅಣ್ಣನ ಮಾರಿ ನೋಡಿರಲಿಲ್ಲ," ಎಂದು ಕಣ್ಣಿಗೆ ಟವೆಲ್ ಒತ್ತಿದ. "ನಿನ್ನೆ ನೆಟ್ಟಗ ಪೂಜಾಕ್ಕs ಬಂದೆ. ನೀರು ಕುಡಿಯಾಕ ಅಡಗಿಮನಿಗೆ ಹೋದದ್ದು ಬಿಟ್ರ ಅಣ್ಣನ ಬಾಜೂಕs ಇದ್ದೆ. ಪಾಪ, ಕಡೀ ದಿನದಾಗ ನೆನಸಿದ ಜೋಳದ ಭಕ್ರಿ ತಿಂದು ಹೋದ."

ತಾತ್ಯಾಸಾಹೇಬರ ಹೆಂಡತಿ ಸಾವಿತ್ರವ್ವನ ದನಿಯಲ್ಲಿ ಸಿಟ್ಟಿತ್ತು. "ಜನಾಬಾಯೀನs ಮಾಡ್ಯಾಳ. ಮತ್ಯಾರು ಮಾಡ್ತಾರ? ಮಜ್ಜಿಗಿ ಲೋಟಕ್ಕೆಲ್ಲಾ ನನ್ನ ಕೈಯಾರೆ ಐಸಿನ ಬರ್ಫ ಹಾಕಿ ಕೊಟ್ಟೆ. ಆಕಿ ತಟ್ಟಿ ಅಡಗಿಮನಿ ಕಟ್ಟಿ ಮ್ಯಾಲಿಟ್ಟು ಮಂದೀನ ಕರ್ಯಾಕ ಹೋಗಿದ್ಲು."

"ಮಾಲಕರು ಊಟ ಹೆಂಗ ಮಾಡ್ತಿದ್ರು?" ಎಂದು ಮಾಸ್ತರರು ಕೇಳಿದರು.

"ಸಕ್ಕರಿ ಕಾಯಿಲೆ ಊರಿಗೆಲ್ಲ ಗೊತ್ತು. ಈಚೆಗೆ ಭಕ್ರೀನೂ ಆಮ್ಟಿ ಸಾರಿನಾಗ ನೆನಸಿ ತಿಂತಿದ್ರು. ಹೊಟ್ಟಿ ಸರಿಯಿಲ್ಲಂತ ಓಮದ ಕಷಾಯ ಮಾಡಿಕೊಡತಿದ್ದೆ."

"ನೆಂಟರ ಮುಂದ ಈ ಮಾತು ಆಡಿದ್ರೇನು?"

"ಇಲ್ಲರೀ. ಅಂಥಾ ಮಾತು ಯಾರ ಮುಂದ ಆಡೂದು?"

ಮಾಸ್ತರರು ಎದ್ದರು. "ಮಲ್ಲಾರಿ, ತಾತ್ಯಾಸಾಹೇಬ್ರು ಹೋದ ವಾರ ಎಲ್ಲಿಗೆ ಹೋಗಿದ್ರಂತ ಅವರ ಡ್ರೈವರನ್ನ ಕೇಳು."

ಗಡಹಿಂಗ್ಲಜಕ್ಕೆ ಎಂದ ಡ್ರೈವರ್. ಬಿಸಿಲಲ್ಲಿ ಅಲ್ಲಿಗೂ ಗಾಡಿ ಓಡಿಸಿದರು. ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯ ಬಾಳವ್ವ ಹೇಳಿದ್ದನ್ನು ಕೇಳಿ ಮಾಸ್ತರರು ಆಕೆಯನ್ನೂ ಯಡ್ರಾವಕ್ಕೆ ಬರಹೇಳಿದರು.

ಮರುದಿನ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ಫೌಜದಾರರು ಜನಾಬಾಯಿಯನ್ನೂ ಕರೆತಂದಿದ್ದರು.

"ಅರ್ಥಶಾಸ್ತ್ರದ ಹಳೇ ಪುಸ್ತಕದಾಗ," ಎಂದು ಮಾಸ್ತರರು ಶುರುಮಾಡಿದರು, "ಮನುಷ್ಯಾ ಎದುರಿಗಿದ್ದ ಎಲ್ಲಾನೂ ತೂಗಿ ಚಲೋದ್ದು ತಗೋತಾನ ಅಂತ ಬರದಾರ. ನಾನೂ ಅದನ್ನs ಕಲಿಸೀನಿ. ಈಗಿನ ಪಂಡಿತರು ಬ್ಯಾರೆ ಹೇಳ್ತಾರ. ಅಷ್ಟು ತೂಗಾಕ ಯಾರಿಗೂ ಪುರಸೊತ್ತಿಲ್ಲ. ಒಂದು ಲಕ್ಷಣ ಹಿಡಿದು ಒಂದಿಷ್ಟು ಬದಿಗೆ ಸರಸ್ತೇವಿ, ಇನ್ನೊಂದು ಹಿಡಿದು ಮತ್ತಷ್ಟು. ಕಡೀಕ ಉಳದದ್ದಕ್ಕ ಕೈ ಹಾಕ್ತೇವಿ, ನಾನs ಆರಿಸೀನಿ ಅಂತೇವಿ. ತಾತ್ಯಾಸಾಹೇಬ್ರು ಸಿಹಿ ಬಿಟ್ಟವ್ರು. ಚಹಾ, ಶರಬತ್ತು ಹೋತು. ಮಜ್ಜಿಗಿ ಉಳೀತು. ಅದರಾಗ ಬರ್ಫ. ಕಿಸೇದಾಗ ಲವಂಗ, ತಾಟಿನಾಗ ನೆನಸಿದ ಭಕ್ರಿ. ನೋಯತಿದ್ದದ್ದು ಹೊಟ್ಟಿ ಅಲ್ಲ, ಹಲ್ಲು. ಬರ್ಫಿನದು ಬಾಯಿಗೆ ಹಚ್ಚೂ ಹಂಗಿಲ್ಲ. ಬರ್ಫಿಲ್ಲದ್ದು ಒಂದs ಲೋಟ, ಕಾಗದದ ಮ್ಯಾಲೆ ಕಲೆ ಬಿಡದs ಇದ್ದದ್ದು. ಸಾವಿತ್ರವ್ವ ಎಲ್ಲಾದಕ್ಕೂ ಬರ್ಫ ಹಾಕಿದ್ರು. ಅಂದ್ರ ಅದನ್ನ ಯಾರೋ ಬದಲಿ ಇಟ್ಟಾರ. ಇಡಬೇಕಂದ್ರ ಹಲ್ಲಿನ ಸುದ್ದಿ ಗೊತ್ತಿರಬೇಕು."

ಮಾಸ್ತರರು ಒಬ್ಬೊಬ್ಬರನ್ನೇ ನೋಡುತ್ತ ಮುಂದುವರಿದರು.

"ಸಾವಿತ್ರವ್ವ ಹೊಟ್ಟಿನೋವಂತ ತಿಳಿದು ಕಷಾಯ ಕಾಸತಿದ್ರು. ಮಾಯಪ್ಪ ಮಗ್ಗದ ಹತ್ರನs ಇದ್ದ. ಜನಾಬಾಯಿ ಅತ್ತಾಗ ಹೋದಾಗ ಅಡಗಿಮನಿಗೆ ಹೋದವ್ರು ಭಾವುಸಾಹೇಬ. ವರ್ಸಾತು ಮಾರಿ ನೋಡಿಲ್ಲ ಅಂದ್ರಿ. ಅಣ್ಣ ಭಕ್ರಿ ನೆನಸಿ ತಿನ್ನೂದು ಯಾವಾಗ ನೋಡಿದ್ರಿ?"

"ಯಾರೋ... ವೈನೀನs ಹೇಳಿರಬೇಕು."

"ನಾ ಹೇಳಿಲ್ಲ," ಎಂದಳು ಸಾವಿತ್ರವ್ವ, ಮೆಲ್ಲಗೆ.

ಬಾಗಿಲಲ್ಲಿದ್ದ ಬಾಳವ್ವ ಮುಂದೆ ಬಂದಳು. "ಹೋದ ವಾರ ಅಣ್ಣ ತಮ್ಮ ಇಬ್ಬರೂ ನಮ್ಮಲ್ಲೇ ಉಂಡ್ರು. ಹಿರೇರು ಬರ್ಫಿನ ನೀರು ಬಾಯಿಗೆ ಹಾಕಿ ಗಲ್ಲ ಹಿಡಕೊಂಡು ಉಗುಳಿದ್ರು. 'ಸೊಸೈಟಿಗೆ ಸಹಿ ಮಾಡಿದ್ರ ನೋಡು' ಅಂತ ಇವರು ಜಗಳಾ ತಗದಿದ್ರು."

ಭಾವುಸಾಹೇಬ ಬಾಗಿಲಿನತ್ತ ತಿರುಗಿದ. ಅಲ್ಲಿ ಮಲ್ಲಾರಿ ಕಾಲೂರಿ ನಿಂತಿದ್ದ. "ಅಪ್ಪ ಕಟ್ಟಿದ ಶೆಡ್ ರೀ ಇದು!" ಎಂದು ಭಾವುಸಾಹೇಬ ಕಿರುಚಿದ. "ಕೂಲಿ ಮಂದಿ ಕೈಯಾಗ ಕೊಡತೇನಂದ. ನನ್ನ ಒಂದು ಮಾತೂ ಕೇಳಲಿಲ್ಲ!" ಫೌಜದಾರರು ಅವನ ತೋಳು ಹಿಡಿದರು.

"ನಾವೂ ಹಂಗs ಮಾಡಿದ್ವಿ," ಎಂದರು ಮಾಸ್ತರರು, ದಣಿದ ದನಿಯಲ್ಲಿ. "ಮನಿಯವ್ರಂತ ಒಬ್ಬರನ್ನ ಬಿಟ್ವಿ, ನೆಂಟರಂತ ಇನ್ನೊಬ್ಬರನ್ನ. ಉಳಿದಾಕಿ ಜನಾಬಾಯಿ. ತೂಗಿ ನೋಡಲೇ ಇಲ್ಲ."

ಮಲ್ಲಾರಿ ತಲೆ ತಗ್ಗಿಸಿದ.

ಸಾವಿತ್ರವ್ವ ಎದ್ದು ಬಂದು ಜನಾಬಾಯಿಯ ಕೈ ಹಿಡಿದಳು. "ತಪ್ಪಾತವ್ವ. ಮನಿಗೆ ಬಾ."

ಜನಾಬಾಯಿ ಕೈ ಬಿಡಿಸಿಕೊಳ್ಳಲಿಲ್ಲ. "ಮನಿಗೆ ಬರೂದಿಲ್ಲರೀ ಬಾಯಿ. ನೀವು ಇಟ್ಟ ಅನ್ನ ಇನ್ನ ನನ್ನ ಗಂಟಲದಾಗ ಇಳಿಯೂದಿಲ್ಲ. ಮಾಲಕರು ಅಂದಂಗ ಸೊಸೈಟಿ ಆದ್ರ, ನನ್ನ ಮಗಳಿಗೆ ಒಂದು ಮಗ್ಗ ಕಲಸ್ರಿ."

ಸಾವಿತ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡು ಮಾಯಪ್ಪನ ಕಡೆ ನೋಡಿದಳು. "ಹೋಗಪ್ಪಾ, ಚೆನ್ನವ್ವಗ ಕಲಸಾಕ ಒಂದು ಮಗ್ಗಕ್ಕ ಕರೆಂಟ್ ಹಾಕು," ಎಂದಳು.